ಬಾಣಲೆಯ ಬಳಿ ಸರಕಾರ

ಗೋಬಿ ಮಂಚೂರಿ ಎಂಬ ಖಾದ್ಯಕ್ಕೂ ಚೀನಾ ದೇಶದ ಈಶಾನ್ಯದಲ್ಲಿರುವ ಮಂಚೂರಿಯಾಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ. ಅದು ನಮ್ಮ ದೇಶದ ಪಟ್ಟಣಗಳಲ್ಲೇ ಹುಟ್ಟಿ, ತಳ್ಳುಬಂಡಿಯನ್ನೇರಿ, ತಾಲೂಕು ಕೇಂದ್ರಗಳನ್ನೂ ದಾಟಿ, ಈಗ ಹಳ್ಳಿಯ ಬಸ್ ನಿಲ್ದಾಣದಲ್ಲಿ ಬಂದು ನಿಂತಿರುವ ತಿನಿಸು. ಹೆಸರು ಸುಳ್ಳಾದರೆ ಚಿಂತೆಯಿಲ್ಲ. ಮೈಸೂರು ಬೋಂಡಾ ಮೈಸೂರಿನಿಂದಲೇ ಬರಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ಬಣ್ಣವೂ ಸುಳ್ಳಾದರೆ ಏನು ಮಾಡಬೇಕು? ಹೋಟೆಲಿನ ಬಾಣಲೆಯೊಳಗೆ ಸರಕಾರ ಎಷ್ಟರಮಟ್ಟಿಗೆ ಇಣುಕಿ ನೋಡಬಹುದು? ಇದು ಇಂದಿನ ನನ್ನ ಮಾತಿನ ವಿಷಯ.

2024ರ ಮಾರ್ಚ್ 11ರಂದು ಕರ್ನಾಟಕದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಮಂಚೂರಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿರುವುದಾಗಿ ಪ್ರಕಟಿಸಿದರು. ಇಲಾಖೆಯವರು ಪರೀಕ್ಷೆಗೆ ಒಳಪಡಿಸಿದ ಗೋಬಿಯ 171 ಮಾದರಿಗಳಲ್ಲಿ 107 ಅಸುರಕ್ಷಿತ ಬಣ್ಣಗಳಿಂದ ಕೂಡಿದ್ದುವು; ಬೊಂಬಾಯಿ ಮಿಠಾಯಿಯ 25ರಲ್ಲಿ 15. ನಿಯಮ ಮೀರಿದವರಿಗೆ 7 ವರ್ಷಗಳಿಗೆ ಕಡಿಮೆಯಿಲ್ಲದ ಸೆರೆ, 10 ಲಕ್ಷ ರೂಪಾಯಿಯವರೆಗೆ ದಂಡ ಎಂಬ ಎಚ್ಚರಿಕೆಯೂ ಬಂದಿತು. ಅದೇ ವರ್ಷದ ಜೂನ್‌ನಲ್ಲಿ ಕಬಾಬಿನ ಸರದಿ. 2025ರ ಆರಂಭದಲ್ಲಿ ಇಡ್ಲಿಯ ಸರದಿ: ಹಬೆಯ ತಟ್ಟೆಗೆ ಬಟ್ಟೆ ಹಾಸುವ ಬದಲು ಪ್ಲಾಸ್ಟಿಕ್ ಹಾಳೆ ಹಾಸುವ ಹೊಸ ಪದ್ಧತಿಗೆ ತಡೆ ಬಿದ್ದಿತು.

ಈ ಬಣ್ಣಗಳಲ್ಲಿ ರೋಡಮೈನ್-ಬಿ ಎಂಬುದು ಬಟ್ಟೆಗೂ ಕಾಗದಕ್ಕೂ ಹಾಕುವ, ಕಣ್ಣು ಕೋರೈಸುವ ಗುಲಾಬಿ ಬಣ್ಣ. ಆಹಾರದಲ್ಲಿ ಅದಕ್ಕೆ ಎಂದೂ ಅನುಮತಿ ಇಲ್ಲ. ಟಾರ್ಟ್ರಜೀನ್‌ನಂಥ ಬಣ್ಣಗಳ ಮಾತು ಬೇರೆ. ಸಿಹಿತಿಂಡಿಯೇ ಮೊದಲಾದ ಕೆಲವು ಪದಾರ್ಥಗಳಲ್ಲಿ ಕಿಲೋಗ್ರಾಮಿಗೆ 100 ಮಿಲಿಗ್ರಾಮ್ ಮೀರದಂತೆ ಅವನ್ನು ಬಳಸಬಹುದು, ಗೋಬಿಗೆ ಬಳಸಲಾಗದು. ಆದರೆ ಬಂಡಿಯವನು ಬಣ್ಣವನ್ನು ತಕ್ಕಡಿಯಲ್ಲಿ ತೂಗಿ ಹಾಕುತ್ತಾನೆಯೆ? ಚಮಚದ ತುದಿಯೇ ಅವನ ಅಳತೆ.

ಇದಕ್ಕೆ ಬರುವ ಆಕ್ಷೇಪಣೆ ಬಲವಾದದ್ದೇ. ನನ್ನ ಹೊಟ್ಟೆ ನನ್ನದು. ನಾನು ದುಡ್ಡು ಕೊಟ್ಟು ತಿನ್ನುವುದನ್ನು ಬೇಡವೆನ್ನಲು ಸರಕಾರ ಯಾರು? ಇಂದು ಬಣ್ಣ ಎಂದವರು ನಾಳೆ ಉಪ್ಪು ಎಂದಾರು, ನಾಡಿದ್ದು ಮಿರ್ಚಿಯನ್ನೇ ಎತ್ತಿಹಾಕಿಯಾರು. ರಾಯಚೂರು ಸೀಮೆಯಲ್ಲಿ ಮಂಡಾಳು ಒಗ್ಗರಣೆಯ ಪಕ್ಕದಿಂದ ಮಿರ್ಚಿಯನ್ನು ಎತ್ತಿಹಾಕಿದ ಸರಕಾರ ಉಳಿಯಲಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಈ ವಾದದಲ್ಲಿ ಒಂದು ಬಿರುಕಿದೆ. ಆಯ್ಕೆಯೆಂಬುದು ಅರಿವಿದ್ದಲ್ಲಿ ಮಾತ್ರ ಆಯ್ಕೆ. ಹೋಟೆಲಿನಲ್ಲಿ ತಿನ್ನುವವನಿಗೆ ತಟ್ಟೆ ಕಾಣುತ್ತದೆ, ಡಬ್ಬಿ ಕಾಣುವುದಿಲ್ಲ. ಕೆಂಪು ಕಂಡು ಖಾರದ ಪುಡಿಯೆಂದೇ ಅವನು ತಿಳಿಯುತ್ತಾನೆ. ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ. ಅದನ್ನು ಕುಟ್ಟಿ ಹಾಕಿದರೆ ಕೆಂಪೂ ಬಂದೀತು, ರುಚಿಯೂ ಬಂದೀತು. ಬೆಲೆ ಮಾತ್ರ ಹೆಚ್ಚು. ಬಣ್ಣದ ಪುಡಿ ಹುಟ್ಟಿದ್ದೇ ಆ ಬೆಲೆಯ ಅಂತರದಲ್ಲಿ. ಇನ್ನು ಬೊಂಬಾಯಿ ಮಿಠಾಯಿಯನ್ನು ಕೊಳ್ಳುವ ಆರು ವರ್ಷದ ಮಗುವಿನ ಬಳಿ ಯಾವ ಆಯ್ಕೆಯ ಸ್ವಾತಂತ್ರ್ಯದ ಮಾತನ್ನು ಆಡೋಣ?

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವರ್ತಕರನ್ನು ಕುರಿತ ಒಂದು ಪ್ರಕರಣವಿದೆ. ಧಾನ್ಯ, ಎಣ್ಣೆ, ಉಪ್ಪು, ಔಷಧಿ ಮೊದಲಾದವುಗಳಿಗೆ ಅದೇ ಬಣ್ಣದ ಬೇರೆ ವಸ್ತುವನ್ನು ಬೆರೆಸಿದವನಿಗೆ ಅಲ್ಲಿ 12 ಪಣಗಳ ದಂಡವಿದೆ. ನನ್ನ ಗಮನ ಹೋದದ್ದು ದಂಡದ ಮೊತ್ತದ ಕಡೆಗಲ್ಲ, ‘ಸಮವರ್ಣ’ ಎಂಬ ಮಾತಿನ ಕಡೆಗೆ. ಕಲಬೆರಕೆಯ ಮರ್ಮವೆಲ್ಲ ಆ ಒಂದು ಮಾತಿನಲ್ಲಿದೆ: ಅಪರಾಧ ನಡೆಯುವುದು ಕಣ್ಣನ್ನು ವಂಚಿಸಿ. ಅದೇ ಗ್ರಂಥದಲ್ಲಿ ಅರಸನ ಅನ್ನವನ್ನು ಮೊದಲು ಅಗ್ನಿಗೂ ಹಕ್ಕಿಗಳಿಗೂ ಹಾಕಿ ಪರೀಕ್ಷಿಸಬೇಕೆಂದಿದೆ. ಪ್ರಜೆಯೇ ಪ್ರಭುವಾದ ಮೇಲೆ ಅವನ ಅನ್ನಕ್ಕೂ ಒಂದು ಹಕ್ಕಿ ಬೇಡವೆ? ಪ್ರಯೋಗಶಾಲೆಯೇ ಆ ಹಕ್ಕಿ. 1954ರ ಕಲಬೆರಕೆ ತಡೆ ಕಾಯಿದೆಯಾಗಲಿ, ಅದರ ಸ್ಥಾನಕ್ಕೆ ಬಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಾಗಲಿ ಇದಕ್ಕಿಂತ ಹೊಸದನ್ನೇನೂ ಹೇಳಿಲ್ಲ.

ಆದುದರಿಂದ ಕಾಣದ ವಿಷದ ವಿಷಯದಲ್ಲಿ ನನಗೆ ಸಂಶಯವಿಲ್ಲ. ತೊಡಕಿರುವುದು ವಿಷವಲ್ಲದ, ಆದರೆ ಹಿತವೂ ಅಲ್ಲದ ವಸ್ತುಗಳಲ್ಲಿ: ಉಪ್ಪು, ಸಕ್ಕರೆ, ವನಸ್ಪತಿ. ಮೂರನ್ನೂ ಒಂದೇ ಕೋಲಿನಿಂದ ಅಳೆಯಲಾಗದು. ಉಪ್ಪು ನಾಲಗೆಗೆ ತಿಳಿಯುತ್ತದೆ. ಹೆಚ್ಚಾದರೆ ನಾಲಗೆಯೇ ದೂರು ಕೊಡುತ್ತದೆ. ಸಕ್ಕರೆಯೂ ಹಾಗೆಯೇ. ಅಲ್ಲಿ ತಿಳಿವಳಿಕೆ ಕೊಡುವುದು ಸರಕಾರದ ಕೆಲಸ, ಚಮಚ ಕಿತ್ತುಕೊಳ್ಳುವುದಲ್ಲ. ವನಸ್ಪತಿಯಲ್ಲಿರುವ ಟ್ರಾನ್ಸ್ ಕೊಬ್ಬಾದರೋ ಬಣ್ಣದ ಜಾತಿಗೆ ಸೇರಿದ್ದು. ಎಣ್ಣೆಗೆ ಜಲಜನಕವನ್ನು ಹಾಯಿಸಿ ಗಟ್ಟಿ ಮಾಡುವಾಗ ಹುಟ್ಟುವ ಇದು ನಾಲಗೆಗೂ ತಿಳಿಯದು, ಕಣ್ಣಿಗೂ ಕಾಣದು. ಹೃದಯದ ನಾಳಗಳಿಗೆ ಮಾತ್ರ ತಿಳಿಯುತ್ತದೆ. ಡೆನ್ಮಾರ್ಕ್ ದೇಶ 2003ರಲ್ಲಿ ಇದಕ್ಕೆ ಮಿತಿ ಹಾಕಿತು. ನ್ಯೂಯಾರ್ಕ್ ನಗರ 2006ರಲ್ಲಿ ತನ್ನ ಹೋಟೆಲುಗಳಿಂದ ಇದನ್ನು ಹೊರಗಿಡುವ ನಿಯಮ ಮಾಡಿದಾಗ ಅಲ್ಲಿಯೂ ಸ್ವಾತಂತ್ರ್ಯದ ಗದ್ದಲವೆದ್ದಿತು. ನಮ್ಮಲ್ಲಿ ಎಣ್ಣೆ–ಕೊಬ್ಬುಗಳಲ್ಲಿ ಇದು 2021ರಿಂದ ಶೇಕಡ 3ನ್ನೂ, 2022ರಿಂದ ಶೇಕಡ 2ನ್ನೂ ಮೀರಬಾರದೆಂದಾಯಿತು. ಇದಕ್ಕಾಗಿ ಯಾವ ಅಧಿಕಾರಿಯೂ ಮಾನ್ವಿಯ ಬೇಕರಿಯ ಬಾಗಿಲು ತಟ್ಟಬೇಕಾಗಿರಲಿಲ್ಲ. ನಿಯಮ ಹೋದದ್ದು ಎಣ್ಣೆ ತಯಾರಿಸುವ ಕಾರ್ಖಾನೆಗೆ. ಬೇಕರಿಯವನು ಎಂದಿನಂತೆ ಡಬ್ಬಿ ಕೊಂಡ, ಡಬ್ಬಿಯೊಳಗಿನದು ಬದಲಾಗಿತ್ತು.

ನನ್ನ ಮಟ್ಟಿಗೆ ಒಳ್ಳೆಯ ನಿಯಂತ್ರಣದ ಮಾದರಿ ಇದು. ಬಣ್ಣದ ವಿಷಯದಲ್ಲಿ ನಾವು ನಡೆದುಕೊಂಡದ್ದು ಇದಕ್ಕೆ ವಿರುದ್ಧವಾಗಿ. ನಿಷೇಧದ ಬಿಸಿ ಮೊದಲು ತಟ್ಟಿದ್ದು ಬಂಡಿಗೆ. ಸೆರೆಮನೆಯ ಮಾತು ಕೇಳಿ ನಡುಗಿದವನು ದಿನಕ್ಕೆ ನಾಲ್ಕು ಕಾಸು ದುಡಿಯುವ ತರುಣ. ಅವನಿಗೆ ಪುಡಿಯ ಪೊಟ್ಟಣ ಮಾರಿದ ಅಂಗಡಿಯವನು ಎಲ್ಲಿ? ಆ ಅಂಗಡಿಗೆ ಮೂಟೆ ಕಳಿಸಿದವನು ಎಲ್ಲಿ? ನೇಕಾರಿಕೆಗೆ ಬಣ್ಣ ಬೇಕು, ಬೇಡವೆನ್ನಲಾಗದು. ಆದರೆ ಕಿರಾಣಿ ಅಂಗಡಿಯಲ್ಲಿ ಬೇಳೆ ಬೆಲ್ಲಗಳ ಪಕ್ಕದಲ್ಲಿ ಬಟ್ಟೆಯ ಬಣ್ಣ ಕುಳಿತಿರುವುದೇಕೆ?

ಇನ್ನು ಕರಿದ ಎಣ್ಣೆ. ನಮ್ಮ ನೀರಮಾನ್ವಿಯಲ್ಲಿ ಯಲ್ಲಮ್ಮನ ಜಾತ್ರೆಯ ಹೊತ್ತಿಗೆ ಬಾಣಲೆಗಳು ಸಾಲಾಗಿ ನಿಲ್ಲುತ್ತವೆ. ಬೆಳಿಗ್ಗೆ ಹೊನ್ನಿನಂತಿದ್ದ ಎಣ್ಣೆ ದೀಪ ಹಚ್ಚುವ ವೇಳೆಗೆ ಕಾಡಿಗೆಯಾಗುತ್ತದೆ. ಅದನ್ನು ಚೆಲ್ಲುವವರಿಲ್ಲ; ಮರುದಿನ ಅದರ ಮೇಲೆಯೇ ಹೊಸ ಎಣ್ಣೆ ಸುರಿಯುತ್ತಾರೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಕೆಡುಕಿನ ಅಂಶಗಳು ಶೇಕಡ 25ನ್ನು ಮೀರಿದರೆ ಅದನ್ನು ಬಳಸಕೂಡದೆಂದು 2018ರಿಂದ ನಿಯಮವಿದೆ. ಅದನ್ನು ಅಳೆಯುವುದಕ್ಕೆ ಉಪಕರಣ ಬೇಕು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಲೆಕ್ಕ ಇಡಬೇಕೆಂದೂ ವಿಧಿಸಿದ್ದಾರೆ. ದಿನಕ್ಕೆ ಐದು ಲೀಟರಿನ ಬಾಣಲೆಯವನು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ನಮ್ಮ ಊರುಗಳಲ್ಲಿ ಇರುವವರೆಲ್ಲರೂ ಐದು ಲೀಟರಿನವರೇ! ಬಳಸಿದ ಎಣ್ಣೆಯಿಂದ ಜೈವಿಕ ಡೀಸೆಲ್ ಮಾಡುತ್ತಾರಂತೆ. ಕೊಳ್ಳುವವರು ಮಾನ್ವಿಯವರೆಗೆ ಬಂದು ಲೀಟರಿಗೆ ಇಂತಿಷ್ಟೆಂದು ಕೊಟ್ಟರೆ ಕಪ್ಪು ಎಣ್ಣೆ ತಾನಾಗಿ ಬಾಣಲೆಯಿಂದ ಇಳಿದೀತು. ಹತ್ತು ಸಲ ದಂಡ ಹಾಕಿ ಆಗದ ಕೆಲಸ ಹತ್ತು ರೂಪಾಯಿಯ ಆಸೆಯಿಂದ ಆದೀತು.

ಒಂದು ಮಾತು ನೆನಪಾಗುತ್ತದೆ. ನಮ್ಮ ಬಿಸಿಲ ಸೀಮೆಯ ಹಳೆಯ ಎಣ್ಣೆ ಕುಸುಬೆಯದು. ಅದೇ ಗಿಡದ ಹೂವಿನಿಂದ ಹಿಂದಿನವರು ಸೀರೆಗೆ ಕುಸುಂಬೆಯ ಬಣ್ಣ ಹಾಕುತ್ತಿದ್ದರು. ಒಂದೇ ಗಿಡ ಎರಡನ್ನೂ ಕೊಟ್ಟರೂ ಹೂವು ಹೋದದ್ದು ಬಣ್ಣದ ಹಂಡೆಗೆ, ಬೀಜ ಹೋದದ್ದು ಗಾಣಕ್ಕೆ. ಮಾನ್ವಿಯ ಜಗನ್ನಾಥದಾಸರು ಹರಿಕಥಾಮೃತಸಾರದಲ್ಲಿ ಭೋಜನಕ್ಕೇ ಒಂದು ಸಂಧಿಯನ್ನು ಮೀಸಲಿಟ್ಟು, ಒಂದೊಂದು ಪದಾರ್ಥದಲ್ಲಿ ಭಗವಂತನ ಒಂದೊಂದು ರೂಪವನ್ನು ಕಂಡಿದ್ದಾರೆ. ರೋಡಮೈನಿನಲ್ಲಿ ಯಾವ ರೂಪವನ್ನು ಕಾಣಬೇಕೋ ಪಂಡಿತರೇ ಹೇಳಬೇಕು.

ಅಧಿಕಾರಿಗಳ ಕೈಗೆ ಕಾಯಿದೆ ಕೊಟ್ಟರೆ ಅದು ಮಾಮೂಲಿಗೆ ದಾರಿಯಾಗುತ್ತದೆ ಎಂಬ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮಾಮೂಲಿ ಬೆಳೆಯುವುದು ಗುಟ್ಟಿನಲ್ಲಿ. ತಾಲೂಕಿನಲ್ಲಿ ಯಾವ ಯಾವ ಮಾದರಿಗಳನ್ನು ಒಯ್ದರು, ಪರೀಕ್ಷೆಯಲ್ಲಿ ಏನು ಕಂಡಿತು ಎಂಬುದನ್ನು ತಿಂಗಳಿಗೊಮ್ಮೆ ಪುರಸಭೆಯ ಗೋಡೆಗೆ ಅಂಟಿಸಲಿ. ಬಂಡಿಯವನಿಗೆ ಮೊದಲ ಸಲ ದಂಡದ ಚೀಟಿಯ ಬದಲು, ಯಾವ ಪುಡಿ ಸಲ್ಲದು, ಅದಕ್ಕೆ ಬದಲಾಗಿ ಏನು ಹಾಕಬಹುದು ಎಂಬುದನ್ನು ಕನ್ನಡದಲ್ಲಿ ಅಚ್ಚು ಮಾಡಿಸಿದ ಒಂದು ಹಾಳೆ ಕೊಡಲಿ. ಎರಡನೆಯ ಸಲ, ಪುಡಿಯನ್ನು ಎಲ್ಲಿ ಕೊಂಡೆಯಪ್ಪ ಎಂದು ಕೇಳಿ ಆ ಅಂಗಡಿಗೆ ನಡೆಯಲಿ.