ನಡುವೆ ನಿಂತ ನಾಯಕ

ನಾಯಕ ಎಂಬ ಶಬ್ದ ನಮ್ಮ ಕಾವ್ಯಮೀಮಾಂಸೆಯಲ್ಲಿ ಬಹು ಹಳೆಯದು. ಕಥೆಯನ್ನು ಮುಂದಕ್ಕೆ ಒಯ್ಯುವವನು, ಕಡೆಯಲ್ಲಿ ಅದರ ಫಲವನ್ನು ಪಡೆಯುವವನು ನಾಯಕ. ಅವನಿಗೊಂದು ಪಕ್ಷವಿರುತ್ತದೆ, ಎದುರಿಗೆ ಪ್ರತಿನಾಯಕನಿರುತ್ತಾನೆ, ಬೆನ್ನಿಗೆ ತನ್ನ ಜನವಿರುತ್ತದೆ. ಇವೊಂದೂ ಇಲ್ಲದೆ, ಪರದೇಶದಲ್ಲಿ, ಪರರ ಜಗಳದ ನಡುವೆ ನಿಂತು ನಾಯಕತ್ವ ವಹಿಸಬೇಕಾದವನ ಲಕ್ಷಣವೇನು? ನಮ್ಮ ಲಾಕ್ಷಣಿಕರು ಅದನ್ನು ಹೇಳಿದಂತೆ ಕಾಣೆ.

ಸಂಧಾನ ಎಂದೊಡನೆ ನಮಗೆ ಕೃಷ್ಣನ ನೆನಪಾಗುವುದು ಸಹಜ. ಕುಮಾರವ್ಯಾಸನ ಉದ್ಯೋಗಪರ್ವವನ್ನು ಗಮಕಿಗಳ ಬಾಯಲ್ಲಿ ಕೇಳಿದವರು, ತಾಳಮದ್ದಳೆಯಲ್ಲಿ ಕೃಷ್ಣಸಂಧಾನಕ್ಕೆ ರಾತ್ರಿಯಿಡೀ ಕುಳಿತವರು ಬಲ್ಲರು: ಆ ಸಂಧಾನಕಾರ ಹಸ್ತಿನಾವತಿಗೆ ಕಾಲಿಡುವ ಮೊದಲೇ ಪಾಂಡವರ ಕಡೆಯವನು. ಬಲರಾಮ ಪಕ್ಷ ವಹಿಸಲಿಲ್ಲ, ನಿಜ; ಆದರೆ ಆತ ತೀರ್ಥಯಾತ್ರೆಗೆ ಹೊರಟುಹೋದ. ಪಕ್ಷವನ್ನೂ ವಹಿಸದೆ, ಕಣವನ್ನೂ ಬಿಡದೆ ಇರುವ ಮೂರನೆಯ ದಾರಿಯೊಂದುಂಟು. ಅದರಲ್ಲಿ ನಡೆದ ಕನ್ನಡನಾಡಿನ ಒಬ್ಬರನ್ನು ಕುರಿತು ಇಂದು ಕೆಲವು ಮಾತು.

ಅವರು ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು. ಹುಟ್ಟಿದ್ದು ಮಡಿಕೇರಿಯಲ್ಲಿ, 1906ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಬ್ರಿಗೇಡೊಂದನ್ನು ರಣರಂಗದಲ್ಲಿ ನಡೆಸಿದ ಭಾರತೀಯರು ಅವರೊಬ್ಬರೇ. 1948ರ ನವೆಂಬರಿನಲ್ಲಿ ಜೋಜಿ ಲಾ ಕಣಿವೆಯ ಎತ್ತರಕ್ಕೆ ಟ್ಯಾಂಕುಗಳನ್ನು ಹತ್ತಿಸಿ ಶತ್ರುವನ್ನು ಬೆರಗುಗೊಳಿಸಿದ ಸಾಹಸವೂ ಅವರದೇ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಇವೆಲ್ಲ ನಮ್ಮ ಶಾಲೆಯ ಮಕ್ಕಳಿಗೂ ತಿಳಿದ ಸಂಗತಿಗಳು. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾದ ಮೇಲಂತೂ ನೋಡಿಬಂದವರು ಅನೇಕರು. ನನಗೆ ಹೆಚ್ಚು ಕುತೂಹಲವಿರುವುದು ಬಂದೂಕು ಹಾರಿಸಿ ಗೆದ್ದ ತಿಮ್ಮಯ್ಯನವರಲ್ಲಲ್ಲ; ಕೊರಿಯಾದಲ್ಲಿ ಗೆಲ್ಲುವುದಕ್ಕೆ ಏನೂ ಇಲ್ಲದ ಕೆಲಸಕ್ಕೆ ಹೋದ ತಿಮ್ಮಯ್ಯನವರಲ್ಲಿ.

ಕೊರಿಯಾ ಯುದ್ಧ ಮೂರು ವರ್ಷ ನಡೆದು 1953ರ ಜುಲೈ 27ರಂದು ಕದನವಿರಾಮದಲ್ಲಿ ನಿಂತಿತು. ಅಷ್ಟು ತಡವಾದುದಕ್ಕೆ ದೊಡ್ಡ ಕಾರಣ ಯುದ್ಧಕೈದಿಗಳ ಪ್ರಶ್ನೆ. ವಿಶ್ವಸಂಸ್ಥೆಯ ಪಡೆಗಳ ಸೆರೆಯಲ್ಲಿದ್ದ ಚೀನೀಯರು ಮತ್ತು ಉತ್ತರ ಕೊರಿಯನ್ನರಲ್ಲಿ ಸುಮಾರು 22,600 ಮಂದಿ ತಮ್ಮ ನಾಡಿಗೆ ಮರಳುವುದಿಲ್ಲ ಎಂದರು. ಎದುರು ಪಕ್ಷದ ಸೆರೆಯಲ್ಲಿಯೂ ಹಾಗೆ ಹೇಳಿದ 359 ಜನರಿದ್ದರು. ‘ಹೆದರಿಸಿ ಹೇಳಿಸಿದ್ದೀರಿ’ ಎಂದು ಒಬ್ಬರು, ‘ಮನಸ್ಸಿನಿಂದ ಹೇಳಿದ್ದಾರೆ’ ಎಂದು ಮತ್ತೊಬ್ಬರು. ಈ ಕೈದಿಗಳನ್ನು ಕೆಲಕಾಲ ನೋಡಿಕೊಂಡು, ಅವರವರ ನಾಡಿನ ಪ್ರತಿನಿಧಿಗಳು ಬಂದು ಅವರಿಗೆ ತಿಳಿಹೇಳಲು ಅವಕಾಶ ಮಾಡಿಕೊಡುವುದಕ್ಕಾಗಿ ಐದು ರಾಷ್ಟ್ರಗಳ ಆಯೋಗವೊಂದು ಏರ್ಪಟ್ಟಿತು. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್ ಮತ್ತು ಅಂದಿನ ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ, ನಡುವೆ ಭಾರತ. ಇಬ್ಬರ ಮೇಲೆ ಇಬ್ಬರನ್ನು ಕೂರಿಸಿ ಐದನೆಯವನಿಗೆ ಅಧ್ಯಕ್ಷಪದವಿ ಕೊಡುವುದೆಂದರೆ ಎಲ್ಲ ಬೈಗುಳವನ್ನೂ ಅವನ ಪಾಲಿಗೆ ಬಿಡುವುದೆಂದೇ ಅರ್ಥ. ಆ ಪೀಠದಲ್ಲಿ ಕುಳಿತವರು ತಿಮ್ಮಯ್ಯನವರು. ಕೈದಿಗಳನ್ನು ಕಾಯುವ ಪಡೆಯೂ ಭಾರತದ್ದೇ. ಅದರ ದಂಡನಾಯಕರು ಮೇಜರ್ ಜನರಲ್ ಥೋರಟ್.

ಸ್ವಾಗತ ಹೇಗಿತ್ತು ನೋಡಿ. ಭಾರತೀಯ ಸೈನಿಕರು ತನ್ನ ನೆಲದ ಮೇಲೆ ಕಾಲಿಡಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದರು. ಹೀಗಾಗಿ ಇಂಚೋನ್ ಬಂದರಿನ ಬಳಿ ಸಮುದ್ರದಲ್ಲಿಯೇ ಹಡಗಿನಿಂದ ಹೆಲಿಕಾಪ್ಟರಿಗೆ ಹತ್ತಿ, ಅವರು ನೇರವಾಗಿ ಸೇನಾಮುಕ್ತ ವಲಯಕ್ಕೆ ಇಳಿಯಬೇಕಾಯಿತು. ಐದು ಸಾವಿರಕ್ಕೂ ಮೇಲ್ಪಟ್ಟ ಜನರನ್ನು ಹೀಗೆ ಆಕಾಶಮಾರ್ಗದಿಂದ ಸಾಗಿಸಿದರು. ಇಳಿದ ಜಾಗಕ್ಕೆ ನಮ್ಮವರು ‘ಹಿಂದ್ ನಗರ’ ಎಂದು ಹೆಸರಿಟ್ಟುಕೊಂಡರು. ಒಳಗೆ ಬಂದ ಕೈದಿಗಳಲ್ಲಿ ಅನೇಕರು ಮೈಮೇಲೆ ಕಮ್ಯೂನಿಸ್ಟ್ ವಿರೋಧಿ ಘೋಷಣೆಗಳನ್ನು ಹಚ್ಚೆ ಹೊಯ್ಯಿಸಿಕೊಂಡಿದ್ದವರು. ಕಾವಲಿಗೆ ನಿಂತ ನಮ್ಮವರನ್ನು ಕಂಡು ಕೂಗಾಡಿದರು.

ಸೆಪ್ಟೆಂಬರಿನಲ್ಲಿ ಅವರು ಭಾರತೀಯ ಅಧಿಕಾರಿಯೊಬ್ಬರನ್ನು ಬೇಲಿಯೊಳಕ್ಕೆ ಎಳೆದುಕೊಂಡು ಒತ್ತೆಯಿಟ್ಟುಕೊಂಡಾಗ, ಥೋರಟ್ ಆಯುಧವಿಲ್ಲದೆ ಒಳಗೆ ಹೋಗಿ ಮಾತಿನಿಂದಲೇ ಬಿಡಿಸಿ ತಂದರು. ಎಲ್ಲ ಸಲವೂ ಮಾತು ನಡೆಯಲಿಲ್ಲ. ಅಕ್ಟೋಬರಿನ ಮೊದಲ ದಿನಗಳಲ್ಲಿ ಗಲಭೆಯೆದ್ದು ಗುಂಡು ಹಾರಿತು, ಕೈದಿಗಳು ಸತ್ತರು. ಇದನ್ನು ಮುಚ್ಚಿಟ್ಟು ಆ ಕಾರ್ಯವನ್ನು ಹೊಗಳುವುದು ಸರಿಯಲ್ಲ.

ತಿಳಿಹೇಳುವ ಕಾರ್ಯ ಅಕ್ಟೋಬರ್ 15ರಂದು ಮೊದಲಾಯಿತು. ಡೇರೆಯಲ್ಲಿ ಐದು ರಾಷ್ಟ್ರದವರು ಕೂರುವರು, ಕೈದಿ ಬರುವನು, ಅವನ ನಾಡಿನವರು ಮಾತಾಡುವರು. ಡೇರೆಗೆ ಹೊರಹೋಗಲು ಎರಡು ಬಾಗಿಲು. ಒಂದರಿಂದ ಹೊರಟರೆ ತಾಯ್ನಾಡು, ಇನ್ನೊಂದರಿಂದ ಹೊರಟರೆ ಮರಳಿ ಬೇಲಿಯೊಳಗೆ. ಒಬ್ಬ ಮನುಷ್ಯನ ಬಾಳೆಲ್ಲ ಆ ಕೆಲವು ಹೆಜ್ಜೆಗಳಲ್ಲಿ ತೀರ್ಮಾನವಾಗಬೇಕು. ಆದರೆ ಬಹುಪಾಲು ಕೈದಿಗಳು ಡೇರೆಗೆ ಬರಲೇ ಒಪ್ಪಲಿಲ್ಲ. ಬಲವಂತದಿಂದ ತನ್ನಿ ಎಂದು ಚೀನೀಯರು ಒತ್ತಾಯಿಸಿದರು. ತಂದಿದ್ದರೆ ರಕ್ತಪಾತವಾಗುತ್ತಿತ್ತು. ತರದೆ ಹೋದರೆ ಬೇಲಿಯೊಳಗಿನ ಪುಂಡ ಮುಖಂಡರ ಮಾತೇ ಎಲ್ಲರ ಮಾತಾಗುತ್ತಿತ್ತು. ತಿಮ್ಮಯ್ಯನವರು ಬಲಪ್ರಯೋಗ ಮಾಡಲಿಲ್ಲ. 90 ದಿನಗಳ ಅವಧಿ ಡಿಸೆಂಬರ್ 23ಕ್ಕೆ ಮುಗಿದಾಗ ಡೇರೆಗೆ ಬಂದು ಹೋಗಿದ್ದವರು ಸುಮಾರು ಮೂರು ಸಾವಿರ ಮಾತ್ರ. ಆ ಬೇಲಿಯೊಳಗೆ ಕೈದಿಗಳ ಮನಸ್ಸು ಸ್ವತಂತ್ರವಾಗಿರಲಿಲ್ಲವೆಂದು ಆಯೋಗದ ಬಹುಮತದ ವರದಿ ಹೇಳಿತು. ಸ್ವೀಡನ್ನಿನವರೂ ಸ್ವಿಸ್ಸರೂ ಬೇರೆಯೇ ವರದಿ ಕೊಟ್ಟರು.

ಶ್ರೋತೃಗಳೇ, ನಾನು ಮುಖ್ಯವೆಂದು ತಿಳಿದಿರುವ ಘಳಿಗೆ ಇನ್ನು ಬರುವುದು. ಉಳಿದ ಕೈದಿಗಳ ಪ್ರಶ್ನೆಯನ್ನು ರಾಜಕೀಯ ಸಮ್ಮೇಳನವೊಂದು ತೀರ್ಮಾನಿಸಬೇಕೆಂದು ಒಪ್ಪಂದದಲ್ಲಿತ್ತು. ಸಮ್ಮೇಳನ ಸೇರಲೇ ಇಲ್ಲ. ಜನವರಿ 23ರೊಳಗೆ ಅವರನ್ನು ಬಿಡುಗಡೆ ಮಾಡಲೇಬೇಕು ಎಂದು ಒಂದು ಪಕ್ಷ. ತಿಳಿಹೇಳುವುದು ಮುಗಿದಿಲ್ಲ, ಇಟ್ಟುಕೊಳ್ಳಲೇಬೇಕು ಎಂದು ಇನ್ನೊಂದು. ಬಿಡುಗಡೆಯೆಂದು ಘೋಷಿಸಲು ಆಯೋಗಕ್ಕೆ ಅಧಿಕಾರವಿರಲಿಲ್ಲ. ಹೆಚ್ಚು ದಿನ ಹಿಡಿದಿಡಲೂ ಇರಲಿಲ್ಲ. ತಿಮ್ಮಯ್ಯನವರು ಆ ಎರಡರ ನಡುವಿನ ಇಕ್ಕಟ್ಟಿನಲ್ಲಿ ಒಂದು ದಾರಿ ತೆಗೆದರು. 1954ರ ಜನವರಿ 20ರಿಂದ ಕೈದಿಗಳನ್ನು ಅವರನ್ನು ಹಿಂದೆ ಹಿಡಿದಿದ್ದವರ ವಶಕ್ಕೇ ಮರಳಿಸಿದರು. ಇದರಿಂದ ಅವರು ಬಿಡುಗಡೆ ಹೊಂದಿದಂತಾಗುವುದಿಲ್ಲ ಎಂದೂ ಸ್ಪಷ್ಟಪಡಿಸಿದರು. ಇಬ್ಬರೂ ಸಿಟ್ಟಾದರು. ಒಪ್ಪಂದ ಮುರಿಯಿತೆಂದು ಇವರು, ನಿಯಮಕ್ಕೆ ಅಂಟಿಕೊಂಡು ಕಾಲಹರಣ ಮಾಡಿದರೆಂದು ಅವರು. ಹದಿನಾಲ್ಕು ಸಾವಿರದಷ್ಟು ಚೀನೀಯರು ತೈವಾನಿಗೆ ಹೋದರು. ಉತ್ತರದ ಕಡೆಯಲ್ಲಿ ಅಮೆರಿಕದ 21 ಸೈನಿಕರು ಅಲ್ಲಿಯೇ ಉಳಿದರು.

ಇದನ್ನು ಸೋಲೆನ್ನುವವರುಂಟು. ನನಗೆ ಹಾಗೆ ತೋರುವುದಿಲ್ಲ. ತನಗೆ ಎಷ್ಟು ಅಧಿಕಾರವಿದೆಯೋ ಅಷ್ಟನ್ನೇ ಬಳಸುವುದು ತನ್ನ ಊರಿನಲ್ಲಿಯೇ ಕಷ್ಟ. ಹೊರನಾಡಿನಲ್ಲಿ, ಕೈಯಲ್ಲಿ ಸೈನ್ಯವಿದ್ದು, ದಿನವೂ ಎರಡು ಕಡೆಯಿಂದ ಕೆಣಕುತ್ತಿರುವಾಗ, ‘ಇದು ನನ್ನ ಅಧಿಕಾರಕ್ಕೆ ಮೀರಿದ್ದು’ ಎಂದು ತಡೆದು ನಿಲ್ಲುವುದಕ್ಕೆ ಜೋಜಿ ಲಾ ಹತ್ತುವುದಕ್ಕಿಂತ ಬೇರೆ ಬಗೆಯ ಎದೆಗಾರಿಕೆ ಬೇಕು. ಆ ತಿಂಗಳುಗಳ ಕಥನವನ್ನು ಅವರೇ ಬರೆದಿಟ್ಟಿದ್ದರು. ಅದು ‘ಎಕ್ಸ್‌ಪೆರಿಮೆಂಟ್ ಇನ್ ನ್ಯೂಟ್ರಾಲಿಟಿ’ ಎಂಬ ಹೆಸರಿನಲ್ಲಿ ಪುಸ್ತಕವಾಗಿ ಬಂದದ್ದು ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ.

ಈ ಕಥೆಗೊಂದು ಉಪಕಥೆಯಿದೆ. ಕೈದಿಗಳಲ್ಲಿ 88 ಮಂದಿ ಉತ್ತರವೂ ಬೇಡ, ದಕ್ಷಿಣವೂ ಬೇಡ, ಚೀನವೂ ಬೇಡ, ತೈವಾನೂ ಬೇಡ, ಯಾವುದಾದರೊಂದು ತಟಸ್ಥ ದೇಶ ಸಾಕು ಎಂದರು. ಭಾರತೀಯ ಪಡೆ ಮರಳುವಾಗ ಅವರೂ ನಮ್ಮ ದೇಶಕ್ಕೆ ಬಂದರು. ಕೆಲವು ವರ್ಷಗಳ ಮೇಲೆ, 1960ರಲ್ಲಿ, ಚೋಯ್ ಇನ್-ಹುನ್ ಎಂಬ ಕೊರಿಯನ್ ಲೇಖಕ ‘ಚೌಕ’ ಎಂಬರ್ಥದ ಕಾದಂಬರಿ ಬರೆದ. ಅದರ ನಾಯಕ ಇಂಥ ಒಬ್ಬ ಕೈದಿ. ತಟಸ್ಥ ದೇಶಕ್ಕೆ ಹೋಗುವ ಭಾರತೀಯ ಹಡಗನ್ನು ಹತ್ತುತ್ತಾನೆ, ದಡ ಸೇರುವುದಿಲ್ಲ. ಕಾದಂಬರಿಕಾರ ಆ ಹಡಗಿಗಿಟ್ಟ ಹೆಸರು ಟಾಗೋರ್.

ತಿಮ್ಮಯ್ಯನವರಿಗೆ ಇಂಥದೇ ಇನ್ನೊಂದು ಕರೆ ನಿವೃತ್ತಿಯ ನಂತರ ಬಂದಿತು. ಸೈಪ್ರಸ್ ದ್ವೀಪದಲ್ಲಿ ಗ್ರೀಕರಿಗೂ ತುರ್ಕರಿಗೂ ಕಾದಾಟವೆದ್ದು, 1964ರ ಮಾರ್ಚಿನಲ್ಲಿ ವಿಶ್ವಸಂಸ್ಥೆ ಅಲ್ಲಿಗೆ ಶಾಂತಿಪಾಲನಾ ಪಡೆಯನ್ನು ಕಳಿಸಿತ್ತು. ಅದೇ ವರ್ಷ ಜುಲೈಯಲ್ಲಿ ಅವರು ಅದರ ದಂಡನಾಯಕರಾದರು. ಕೊರಿಯಾದಲ್ಲಿ ಜೊತೆಗೆ ಭಾರತೀಯ ಸೈನಿಕರಾದರೂ ಇದ್ದರು. ಇಲ್ಲಿ ಅವರ ಕೈಕೆಳಗಿದ್ದವರು ಬ್ರಿಟಿಷರು, ಕೆನಡಿಯನ್ನರು, ಐರಿಷರು, ಫಿನ್ನರು, ಸ್ವೀಡರು, ಡೇನರು. ಆತ್ಮರಕ್ಷಣೆಗಲ್ಲದೆ ಗುಂಡು ಹಾರಿಸುವಂತಿಲ್ಲ. ಬಂದು ತಿಂಗಳು ಕಳೆಯುವುದರೊಳಗೆ, ಆಗಸ್ಟಿನಲ್ಲಿ, ಕೊಕ್ಕಿನಾದ ಬಳಿ ಹೋರಾಟ ಭುಗಿಲೆದ್ದು ತುರ್ಕಿಯ ವಿಮಾನಗಳು ಬಾಂಬು ಸುರಿಸಿದವು. ಆ ಪಡೆ ಇಂದಿಗೂ ಆ ದ್ವೀಪದಲ್ಲಿದೆ ಎಂದರೆ ಜಗಳದ ಬೇರು ಎಷ್ಟು ಆಳದ್ದೆಂದು ಊಹಿಸಬಹುದು.

1965ರ ಡಿಸೆಂಬರ್ 18ರಂದು ಕೆಲಸದಲ್ಲಿರುವಾಗಲೇ, ಅಲ್ಲಿಯೇ, ಅವರು ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಲಾರ್ನಾಕಾ ಪಟ್ಟಣದ ದೊಡ್ಡ ಬೀದಿಯೊಂದಕ್ಕೆ ಅವರ ಹೆಸರಿದೆ. ಕೊಡಗಿನ ಹೆಸರು ಗ್ರೀಕರ ನಾಲಗೆಯಲ್ಲಿ ಸ್ವಲ್ಪ ಬದಲಾಗಿ, ಅಲ್ಲಿನ ಜನ ಆ ಬೀದಿಯನ್ನು ‘ತಿಮಾಯ’ ಎಂದು ಕರೆಯುತ್ತಾರೆ.

(ಬಾನುಲಿ ಭಾಷಣ)