ಆಂಬುಲೆನ್ಸಿನ ಒಳಗೆ ಏನಿದೆ?



ಔರಾದಿನಿಂದಾಗಲಿ ಭಾಲ್ಕಿಯಿಂದಾಗಲಿ ಬೀದರ ನಗರಕ್ಕೆ ಸುಮಾರು 40 ಕಿ.ಮೀ. ದೊಡ್ಡ ಚಿಕಿತ್ಸೆಗೆಂದು ಹೈದರಾಬಾದಿಗೆ ಹೊರಟರೆ ಬೀದರಿನಿಂದ ಮತ್ತೆ 140. ನಮ್ಮ ರಾಜ್ಯದಲ್ಲಿ 108ರ ಉಚಿತ ಸೇವೆ 2008ರಿಂದ ಇದೆ. ಆದರೂ ಇಂಥ ದೂರದ ದಾರಿಗೆ ಅನೇಕರು ಖಾಸಗಿ ಆಂಬುಲೆನ್ಸನ್ನೇ ಕರೆಯುತ್ತಾರೆ.

ನಾನು ಓದಿದ್ದು ವಿಜ್ಞಾನ, ಕಾನೂನಲ್ಲ. ಆದ್ದರಿಂದ ಮೊದಲು ಒಂದು ಲೆಕ್ಕ. 10 ಲೀಟರ್ ಗಾತ್ರದ ಸಿಲಿಂಡರಿನಲ್ಲಿ ಒತ್ತಡದಿಂದ ತುಂಬಿದ ಆಮ್ಲಜನಕ ಹೊರಬಂದಾಗ ಸುಮಾರು 1,500 ಲೀಟರ್ ಆಗುತ್ತದೆ. ರೋಗಿಗೆ ನಿಮಿಷಕ್ಕೆ 10 ಲೀಟರ್ ಬೇಕಾದರೆ ಎರಡೂವರೆ ಗಂಟೆಯಲ್ಲಿ ಅದು ಬರಿದು. ಜಹೀರಾಬಾದ್ ದಾಟಿ, ಪಟಾನ್‌ಚೆರುವಿನ ವಾಹನಸಂದಣಿಯಲ್ಲಿ ಸಿಕ್ಕಿಕೊಂಡಾಗ ಗಂಟೆ ಎಷ್ಟಾಗಿರುತ್ತದೆ, ನೀವೇ ಊಹಿಸಿ.

ಗಾಡಿಯ ಎಂಜಿನ್, ಬ್ರೇಕುಗಳನ್ನು ಸಾರಿಗೆ ಕಚೇರಿ ಪರೀಕ್ಷಿಸುತ್ತದೆ. ಸಿಲಿಂಡರನ್ನು, ಜೊತೆಗೆ ಕುಳಿತವರ ತರಬೇತಿಯನ್ನು ನೋಡುವವರು ಯಾರು? ಕೇಂದ್ರದ ಮಾನದಂಡದಲ್ಲಿ ಆಂಬುಲೆನ್ಸುಗಳಿಗೆ 'ಎ'ಯಿಂದ 'ಡಿ'ವರೆಗೆ ನಾಲ್ಕು ವರ್ಗಗಳಿವೆ. 'ಬಿ' ಕೇವಲ ರೋಗಿಯ ಸಾಗಣೆಗೆ; 'ಡಿ' ಜೀವರಕ್ಷಕ ಸಲಕರಣೆಗಳುಳ್ಳದ್ದು. ಸೈರನ್ ಮಾತ್ರ ಎಲ್ಲಕ್ಕೂ ಒಂದೇ! ಸೂಕ್ತ ದರ ಗೊತ್ತುಪಡಿಸುವಂತೆ ಸುಪ್ರೀಂ ಕೋರ್ಟು 2020ರ ಕೋವಿಡ್ ಕಾಲದಲ್ಲಿ ರಾಜ್ಯಗಳಿಗೆ ಹೇಳಿತು. 2021ರಲ್ಲಿ ದೆಹಲಿ ಸರಕಾರ ವರ್ಗಕ್ಕೆ ತಕ್ಕಂತೆ, ಮೊದಲ 10 ಕಿ.ಮೀ.ಗೆ 1,500ರಿಂದ 4,000 ರೂಪಾಯಿ ಮಿತಿ ಹಾಕಿತು.

ಖಾಸಗಿ ಆಸ್ಪತ್ರೆಗಳ ನೋಂದಣಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಗಾಡಿಯ ಒಳಗನ್ನೂ ಅದೇ ತಪಾಸಣೆ ಮಾಡಿ, ವರ್ಗವನ್ನೂ ದರವನ್ನೂ ಬಾಗಿಲ ಮೇಲೆ ಬರೆಸಲಿ ಎಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ, ಹತ್ತುವ ಮೊದಲು ಸಿಲಿಂಡರಿನ ಮಾಪಕ ನೋಡಿ. ಮುಳ್ಳು ಅರ್ಧಕ್ಕಿದ್ದರೆ ಉಳಿದಿರುವುದು ಒಂದೂಕಾಲು ಗಂಟೆ.