ಹಳೆಯ ರೇಜರು, ತಿಪ್ಪೆಯ ಬ್ಲೇಡು

(ಕಲಘಟಗಿ ಭಾಗದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನುದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಕಲಘಟಗಿಯ ಬಣ್ಣದ ತೊಟ್ಟಿಲನ್ನು ಯಾರೂ ಒಂದೇ ಮಗುವಿಗೆಂದು ಮಾಡಿಸುವುದಿಲ್ಲ. ಅಕ್ಕನ ಮನೆಯಿಂದ ತಂಗಿಯ ಮನೆಗೆ, ಅಜ್ಜಿಯಿಂದ ಮೊಮ್ಮಗಳಿಗೆ ಅದು ಸಾಗುತ್ತದೆ. ಹಳೆಯ ರೇಜರುಗಳನ್ನು ಹುಡುಕಿ ಸಂಗ್ರಹಿಸಿ, ಅವುಗಳಿಂದಲೇ ಕ್ಷೌರ ಮಾಡಿಕೊಳ್ಳುವ ಯುವಕರ ಹವ್ಯಾಸದಲ್ಲಿಯೂ ಬಾಳಿಕೆಯ ವಸ್ತುವಿನ ಮೇಲಣ ಇದೇ ಗೌರವವನ್ನು ಕಾಣುತ್ತೇನೆ.

ನಮ್ಮ ಹಳ್ಳಿಗಳ ಕ್ಷೌರಿಕರ ಮಡಚುವ ಕತ್ತಿಯು ಸಾಣೆಕಲ್ಲು ಹಾಗೂ ಚರ್ಮದ ಪಟ್ಟಿಯ ಮೇಲೆ ಹರಿತಗೊಳ್ಳುತ್ತ ಹಲವು ವರ್ಷ ಬಾಳುತ್ತಿತ್ತು. ಸುಗ್ಗಿಯಲ್ಲಿ ದೊರೆಯುವ ಆಯದ ಕಾಳೇ ಅವರ ಕೂಲಿ. ಆ ಪದ್ಧತಿಯಲ್ಲಿದ್ದ ಜಾತಿಯ ಕಟ್ಟುಪಾಡನ್ನು ನಾವು ಮರಳಿ ಬಯಸಬಾರದು. ಆ ಕೈಗಳ ಕೌಶಲವನ್ನು ಮರೆಯಲೂಬಾರದು.

ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ರೇಜರಿನಲ್ಲಿ ಹಿಡಿ ಉಳಿಯಿತು, ತೆಳುವಾದ ಬ್ಲೇಡು ಮಾತ್ರ ಬದಲಾಗುತ್ತಿತ್ತು. 1970ರ ದಶಕದಲ್ಲಿ ಬಂದ ಬಳಸಿ ಬಿಸಾಡುವ ಪ್ಲಾಸ್ಟಿಕ್ ರೇಜರಿನಲ್ಲಿ ಮೊಂಡಾದ ಅಂಚಿನೊಡನೆ ಹಿಡಿಯೂ ಕಸವಾಯಿತು. ಅಜ್ಜನ ಪೆಟ್ಟಿಗೆಯಲ್ಲಿ ಹಿತ್ತಾಳೆಯ ರೇಜರು ದೊರೆತರೆ ಸಾಬೂನಿನ ಬೆಚ್ಚನೆಯ ನೀರಿನಿಂದ ತೊಳೆಯಿರಿ. ಹುಣಸೆಹಣ್ಣಿನಿಂದ ತಿಕ್ಕಿದರೆ ಮೇಲಿನ ನಿಕ್ಕಲ್ ಲೇಪ ಕೆಟ್ಟೀತು. ಎರಡಂಚಿನ ಬ್ಲೇಡು ಇಂದಿಗೂ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ.

ಆದರೆ ಮಡಚುವ ಕತ್ತಿಯಾಗಲಿ ಬ್ಲೇಡಾಗಲಿ ಒಬ್ಬರದನ್ನು ಇನ್ನೊಬ್ಬರು ಬಳಸಬಾರದು. ರಕ್ತದ ಮೂಲಕ ಹೆಪಟೈಟಿಸ್-ಬಿ, ಎಚ್‌ಐವಿ ಹರಡಬಲ್ಲವು. ಕ್ಷೌರದ ಅಂಗಡಿಯಲ್ಲಿ ಹೊಸ ಬ್ಲೇಡನ್ನೇ ಕೇಳಿರಿ.

ಕೃಷಿ ವಿಜ್ಞಾನದವನಾದ ನನ್ನ ಮುಖ್ಯ ಮಾತು, ಆ ಬ್ಲೇಡು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದು. ತಿಪ್ಪೆಗೆ ಎಸೆದ ಬ್ಲೇಡು ಗೊಬ್ಬರದೊಡನೆ ಹೊಲ ಸೇರಿ ಬರಿಗಾಲನ್ನು ಸೀಳುತ್ತದೆ. ಕಸ ಎತ್ತುವ ಪೌರಕಾರ್ಮಿಕರ ಕೈಯನ್ನು ಕೊಯ್ಯುತ್ತದೆ. ದನಗಳು ಮೇವನ್ನು ಪೂರ್ತಿ ಅಗಿಯದೆ ನುಂಗುತ್ತವೆ. ಮೇವಿನೊಡನೆ ಹೋದ ತಂತಿ, ಮೊಳೆ, ಬ್ಲೇಡಿನ ತುಂಡು ಜೇನುಗೂಡಿನಂತಹ ಎರಡನೆಯ ಜಠರದಲ್ಲಿ ನಿಲ್ಲುತ್ತವೆ. ಅದರ ಮುಂದೆಯೇ ಹೃದಯವಿದೆ. ಚೂಪಾದ ಲೋಹವು ಜಠರದ ಗೋಡೆಯನ್ನು ತೂರಿ ಹೃದಯದ ಪೊರೆಯನ್ನು ಚುಚ್ಚಿದರೆ ಹಾಲು ಕೊಡುವ ಎಮ್ಮೆ, ಉಳುವ ಎತ್ತು ಉಳಿಯುವುದು ಕಷ್ಟ. ಬಡ ಒಕ್ಕಲಿನ ಮನೆಗೆ ಅದೇ ಜೀವನಾಧಾರ.

ಪರಿಹಾರ ಸುಲಭವಿದೆ. ಖಾಲಿ ತಗಡಿನ ಡಬ್ಬಿಯ ಮುಚ್ಚಳದಲ್ಲಿ ಸಣ್ಣ ಸೀಳು ಮಾಡಿ, ಹಳೆಯ ಬ್ಲೇಡುಗಳನ್ನು ಅದರಲ್ಲಿಯೇ ಹಾಕಿರಿ. ತುಂಬಿದ ಮೇಲೆ ಬಿಗಿದು, ಒಳಗೆ ಬ್ಲೇಡಿದೆಯೆಂದು ತಿಳಿಸಿ ಗುಜರಿಯವರಿಗೆ ಕೊಡಿರಿ. ಒಂದು ಮನೆಯ ಡಬ್ಬಿ ತುಂಬಲು ವರ್ಷಗಳೇ ಬೇಕು; ಕ್ಷೌರದ ಅಂಗಡಿಯದು ಬೇಗ ತುಂಬೀತು. ವಿದ್ಯಾರ್ಥಿ ಮಿತ್ರರು ತಮ್ಮ ಊರಿನ ಅಂಗಡಿಗೆ ಅಂತಹದೊಂದು ಡಬ್ಬಿಯನ್ನು ಈ ವಾರವೇ ಮಾಡಿಕೊಡಬೇಕೆಂದು ವಿನಂತಿಸುತ್ತೇನೆ.